ಕ್ಯಾಮೆರಾ ಒಲ್ಲದವರ ಊರಿಗೆ ಕ್ಯಾಮೆರಾ ಹೋದಾಗ



ಸಿನಿಮಾ ನೋಡಲು ಬಂದವರ ಮುಂದೆ ಉದ್ದ ಭಾಷಣ ಮಾಡುವವನಿಗೆ ಶಾಪ ತಪ್ಪಿದ್ದಲ್ಲ. ಚುಟುಕಾಗಿ ಮುಗಿಸುತ್ತೇನೆ.

ಎರಡು ಬದುಕುಗಳ ಮುಖಾಮುಖಿ ಈ ಉತ್ಸವದ ವಿಷಯ. ಮೊದಲ ಚಿತ್ರ ಪೀಟರ್ ವಿಯರ್ ನಿರ್ದೇಶನದ 1985ರ ‘ವಿಟ್ನೆಸ್’. ಅಮೆರಿಕದ ಪೆನ್ಸಿಲ್ವೇನಿಯಾದ ಅಮಿಶರು ಎಂಬ ಕ್ರೈಸ್ತ ಪಂಗಡದವರು ಕಾರು ಇಟ್ಟುಕೊಳ್ಳುವುದಿಲ್ಲ, ಮನೆಗೆ ವಿದ್ಯುತ್ ಲೈನ್ ಎಳೆಸುವುದಿಲ್ಲ, ಮನುಷ್ಯರ ಮೇಲೆ ಆಯುಧ ಎತ್ತುವುದಿಲ್ಲ. ಫೋಟೊಗೆ ಮುಖವೊಡ್ಡುವುದೂ ಅವರಿಗೆ ಸಲ್ಲದು. ಅಂಥವರ ಮೇಲೆ ಸಿನಿಮಾ! ಅವರಲ್ಲಿ ಅನೇಕರು ವಿರೋಧಿಸಿದ್ದು ಸಹಜವೇ. ಈ ಕಥೆಯಲ್ಲಿ ಮನೆ ಹೊಕ್ಕ ಹೊರಗಿನವರಲ್ಲಿ ಕ್ಯಾಮೆರಾವೂ ಒಂದು. ಆಸ್ಟ್ರೇಲಿಯಾದಿಂದ ಬಂದು ಅಮೆರಿಕದಲ್ಲಿ ತನ್ನ ಮೊದಲ ಚಿತ್ರ ಮಾಡುತ್ತಿದ್ದ ವಿಯರ್‌ಗೆ ಅದರ ಅರಿವಿತ್ತೆಂದೇ ನನಗನ್ನಿಸುತ್ತದೆ.

ಆರಂಭವನ್ನೇ ಗಮನಿಸಿ. ಗಾಳಿಗೆ ಓಲಾಡುವ ಪೈರಿನ ನಡುವಿನಿಂದ ಕಪ್ಪು ಬಟ್ಟೆಯ ಜನ ಎದ್ದು ಬರುತ್ತಾರೆ. ಕುದುರೆಗಾಡಿ, ಟೋಪಿ, ಗಡ್ಡ. ಯಾವುದೋ ಹಳೆಯ ಕಾಲವೆಂದು ನಾವು ನಂಬಿ ಕೂತಿರುವಾಗ ಪರದೆಯ ಮೇಲೆ ‘ಪೆನ್ಸಿಲ್ವೇನಿಯಾ 1984’ ಎಂಬ ಅಕ್ಷರ ಮೂಡುತ್ತದೆ. ಆಮೇಲೆ ಕುದುರೆಗಾಡಿಯ ಬೆನ್ನಿಗೇ ದೊಡ್ಡ ಲಾರಿ. ಒಂದು ಮಾತಿಲ್ಲದೆ ಸಂಘರ್ಷ ಶುರುವಾಗಿರುತ್ತದೆ.

ಮುಂದೆ ಫಿಲಡೆಲ್ಫಿಯಾದ ರೈಲು ನಿಲ್ದಾಣ. ಅಮಿಶ್ ಹುಡುಗ ಸ್ಯಾಮ್ಯುಯೆಲ್‌ನ ಎತ್ತರಕ್ಕೆ ಕ್ಯಾಮೆರಾ ಇಳಿಯುತ್ತದೆ. ಕಪ್ಪು ಟೋಪಿಯ ಯಹೂದಿ ಹಿರಿಯರೊಬ್ಬರನ್ನು ಕಂಡು, ನಮ್ಮವರೇ ಇರಬೇಕೆಂದು ಅವನು ಹತ್ತಿರ ಹೋಗುತ್ತಾನೆ. ಎಷ್ಟು ಸಣ್ಣ ದೃಶ್ಯ! ಸ್ವಲ್ಪ ಹೊತ್ತಿಗೆ ಅದೇ ಹುಡುಗ ಶೌಚಾಲಯದ ಬಾಗಿಲ ಸಂದಿಯಿಂದ ಕೊಲೆಯೊಂದನ್ನು ನೋಡುತ್ತಾನೆ. ಪರದೆ ತುಂಬ ಅವನ ಕಣ್ಣು. ನಂತರ ಪೊಲೀಸ್ ಠಾಣೆಯಲ್ಲಿ, ಗಾಜಿನ ಕಪಾಟಿನೊಳಗಿನ ಪತ್ರಿಕೆಯ ಚಿತ್ರದಲ್ಲಿ ಕೊಲೆಗಾರನನ್ನು ಅವನು ಗುರುತಿಸುವ ದೃಶ್ಯಕ್ಕೆ ಸಂಭಾಷಣೆಯೇ ಇಲ್ಲ. ಹುಡುಗ ಬೆರಳು ತೋರುತ್ತಾನೆ. ಪತ್ತೇದಾರ ಜಾನ್ ಬುಕ್ ಆ ಬೆರಳನ್ನು ತನ್ನ ಅಂಗೈಯಲ್ಲಿ ಮುಚ್ಚಿಕೊಳ್ಳುತ್ತಾನೆ. ಬುಕ್ ಪಾತ್ರದಲ್ಲಿ ಹ್ಯಾರಿಸನ್ ಫೋರ್ಡ್.

ಕೊಲೆಗಾರನೂ ಪೊಲೀಸನೇ; ಅವನ ಗುಂಡಿಗೆ ಗಾಯಗೊಂಡ ಬುಕ್ ಹುಡುಗನ ಮನೆಯಲ್ಲಿ ಅಡಗುತ್ತಾನೆ. ಇಲ್ಲಿಂದ ಬೆಳಕೇ ಕಥೆ ಹೇಳುತ್ತದೆ. ಛಾಯಾಗ್ರಾಹಕ ಜಾನ್ ಸೀಲ್ ಹದಿನೇಳನೆಯ ಶತಮಾನದ ಡಚ್ ವರ್ಣಚಿತ್ರಗಳ ಹಾಗೆ ಪಕ್ಕದ ಕಿಟಕಿಯ ಬೆಳಕಲ್ಲಿ ಅಡುಗೆಮನೆಯನ್ನು ತೋರಿಸಿದ್ದಾರೆ. ಆದ್ದರಿಂದಲೇ ಕೊಟ್ಟಿಗೆಯಲ್ಲಿ ಬುಕ್ ತಂದಿದ್ದ ಕಾರಿನ ಹೆಡ್‌ಲೈಟ್ ಹತ್ತಿ, ರೇಡಿಯೊ ಹಾಡತೊಡಗಿ, ಅವನೂ ಹುಡುಗನ ವಿಧವೆ ತಾಯಿ ರೇಚಲ್‌ಳೂ ಕುಣಿಯುವಾಗ ಆ ಬೆಳಕೇ ತಪ್ಪೆಂಬಂತೆ ಕಾಣುತ್ತದೆ.

ಊರೆಲ್ಲ ಸೇರಿ ಕೊಟ್ಟಿಗೆ ಕಟ್ಟುವ ದೃಶ್ಯಕ್ಕೆ ಮೋರಿಸ್ ಜಾರ್ ಕೊಟ್ಟ ಸಂಗೀತ ಅದ್ಭುತ. ವಿದ್ಯುತ್ ಲೈನ್ ಒಲ್ಲದ ಜನರ ದುಡಿಮೆಗೆ ಅವರು ಆರಿಸಿಕೊಂಡಿದ್ದು ಸಿಂಥಸೈಜರ್, ನಗು ಬರುತ್ತದೆ!

ಎಂಟು ನಾಮನಿರ್ದೇಶನ ಪಡೆದ ಚಿತ್ರಕ್ಕೆ ಸಂಕಲನ ಮತ್ತು ಮೂಲ ಚಿತ್ರಕಥೆಗಾಗಿ ಎರಡು ಆಸ್ಕರ್ ಬಂದವು. ನನ್ನದೊಂದು ತಕರಾರಿದೆ: ಅಹಿಂಸೆಯನ್ನು ಇಷ್ಟು ಗೌರವದಿಂದ ಕಾಣುವ ಚಿತ್ರವೂ ಥ್ರಿಲ್ಲರ್‌ನ ಬಾಕಿ ತೀರಿಸಲು ಹೆಣ ಬೀಳಿಸಿದ ಮೇಲೆಯೇ ಅಮಿಶರ ದಾರಿಗೆ ಜಾಗ ಬಿಡುತ್ತದೆ. ಇದು ಸರಿಯೋ ತಪ್ಪೋ, ನೀವು ನೋಡಿ ಹೇಳಬೇಕು.

ಉತ್ಸವ ಉದ್ಘಾಟನೆಯಾಗಿದೆ. ದಯವಿಟ್ಟು ಮೊಬೈಲ್ ಆಫ್ ಮಾಡಿ. ಚಿತ್ರ ಮುಗಿದೊಡನೆ ಎದ್ದು ಹೋಗದೆ ಚರ್ಚೆಗೂ ಉಳಿಯಿರಿ.