ಸೊನ್ನೆ ಬೇರೆ, ‘ನೋಡಿಲ್ಲ’ ಬೇರೆ

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಇದನ್ನ ಕೇಳ್ತಾ ಇರೋರು, ನಿಮ್ಮ ಫೋನಿನ ವೆದರ್ ಆ್ಯಪ್ ಒಂದು ಸಲ ನೆನಪಿಸ್ಕೊಳ್ಳಿ. ‘10 ಮಿಲಿಮೀಟರ್ ಮಳೆ’ ಅಂತ ತೋರಿಸುತ್ತಲ್ಲ, ಹಾಗಂದ್ರೆ ಎಷ್ಟು ನೀರು? ತಲೆ ಕೆರ್ಕೋತಿದ್ದೀರಾ? ಬೇಜಾರು ಮಾಡ್ಕೋಬೇಡಿ. ಹತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟ ಮೇಲೂ ನನಗೇ ಅದು ಸರಿಯಾಗಿ ಗೊತ್ತಿರಲಿಲ್ಲ.

ನಾನು ಚಳ್ಳಕೆರೆ ಕಡೆಯ ಒಂದು ಹಳ್ಳಿ ಶಾಲೆಯ ಮೇಷ್ಟ್ರು. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳೋ ಸೀಮೆಗಳಲ್ಲಿ ನಮ್ಮದೂ ಒಂದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತೆ. ನಮ್ಮಲ್ಲಿ 500 ಆದ್ರೆ ಒಳ್ಳೆ ವರ್ಷ. ಮಕ್ಕಳ ಮನೆಗಳಲ್ಲಿ ಮಳೆ ನಂಬ್ಕೊಂಡು ಶೇಂಗಾ ಬಿತ್ತುತ್ತಾರೆ. ಅಂಥ ಮಕ್ಕಳಿಗೆ ನಾನು ‘ಮಳೆ ಎಂದರೇನು?’ ಅಂತ ಬೋರ್ಡ್ ಮೇಲೆ ಬರೆದು, ಉತ್ತರ ನೋಟ್ಸ್ ಕೊಟ್ಟು, ಬಾಯಿಪಾಠ ಮಾಡಿಸ್ತಿದ್ದೆ.

ಒಂದು ದಿನ ಏಳನೇ ಕ್ಲಾಸಿನ ಹುಡುಗಿ ಕೇಳಿದ್ಲು: “ಸಾರ್, ಮಿಲಿಮೀಟರ್ ಅನ್ನೋದು ಉದ್ದ ಅಳೆಯೋಕೆ ಅಲ್ವಾ? ನೀರನ್ನ ಲೀಟರ್‌ನಲ್ಲಿ ಅಳೀಬೇಕು ತಾನೆ?” ಒಳ್ಳೆ ಪ್ರಶ್ನೆ. ನನ್ನ ಹತ್ರ ಉತ್ತರ ಇರಲಿಲ್ಲ. “ನಾಳೆ ಹೇಳ್ತೀನಿ” ಅಂದೆ. ಮೇಷ್ಟ್ರುಗಳ ಹಳೇ ಉಪಾಯ ಅದು.

ಮಾರನೇ ದಿನ ಕ್ಲಾಸಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಬರೆದ್ವಿ. ಸುತ್ತ ಒದ್ದೆ ಮಣ್ಣಿನ ಕಟ್ಟೆ ಕಟ್ಟಿದ್ವಿ. ಒಳಗೆ ಒಂದು ಲೀಟರ್ ನೀರು ಸುರಿದ್ವಿ. ಕಟ್ಟೆ ಒಡೆದು ಹೋಗುತ್ತೆ ಅಂತ ಅರ್ಧ ಕ್ಲಾಸು ಹಿಂದಕ್ಕೆ ಸರಿದು ನಿಂತಿತ್ತು. ನೋಡಿದ್ರೆ, ನೆಲದ ಮೇಲೆ ನೀರಿನ ಒಂದು ತೆಳು ಪದರ, ಅಷ್ಟೇ. ಅದೇ ಒಂದು ಮಿಲಿಮೀಟರ್ ಮಳೆ. ನೀರು ಹರಿದು ಹೋಗದೆ ಇದ್ದಲ್ಲೇ ನಿಂತ್ರೆ ಎಷ್ಟು ಎತ್ತರ ನಿಲ್ಲುತ್ತೆ ಅನ್ನೋದೇ ಲೆಕ್ಕ. ಒಂದು ಎಕರೆಗೆ ಎಷ್ಟಾಗುತ್ತೆ ಅಂತ ಮಕ್ಕಳೇ ಗುಣಾಕಾರ ಹಾಕಿದ್ರು. ಸುಮಾರು 4,000 ಲೀಟರ್. “ಸಾರ್, ಒಂದು ಟ್ಯಾಂಕರ್ ನೀರು!” ಅಂತ ಒಬ್ಬ ಕೂಗಿದ. ಬೇಸಿಗೆಯಲ್ಲಿ ಟ್ಯಾಂಕರ್ ಮುಂದೆ ಕೊಡ ಇಟ್ಕೊಂಡು ನಿಲ್ಲೋ ಮಕ್ಕಳು ಅವರು. ಆ ಲೆಕ್ಕ ಅವರಿಗೆ ಬೇಗ ಹತ್ತಿತು.

ಆಮೇಲೆ ಮಳೆಮಾಪಕ ಮಾಡಿದ್ವಿ. ಎರಡು ಲೀಟರ್‌ನ ಕೂಲ್‌ಡ್ರಿಂಕ್ಸ್ ಬಾಟ್ಲಿ ತಗೊಂಡು ಮೇಲಿನ ಭಾಗ ಕತ್ತರಿಸಿ, ಅದನ್ನೇ ಆಲಿಕೆ ಥರ ತಲೆಕೆಳಗೆ ಕೂರಿಸಿದ್ವಿ. ಬಿದ್ದ ನೀರು ಬೇಗ ಆವಿ ಆಗಲ್ಲ. ಬಾಟ್ಲಿ ಬುಡ ಉಬ್ಬುತಗ್ಗು ಇರೋದ್ರಿಂದ ಕಲ್ಲು ಹಾಕಿ, ಗೋಡೆ ನೇರ ಆಗೋವರೆಗೂ ನೀರು ತುಂಬಿ, ಅಲ್ಲಿ ಸೊನ್ನೆ ಗುರುತು ಮಾಡಿದ್ವಿ. ಪಕ್ಕಕ್ಕೆ ಒಂದು ಸ್ಕೇಲ್ ಅಂಟಿಸಿದ್ವಿ. ಹವಾಮಾನ ಇಲಾಖೆಯವರು ಬೆಳಿಗ್ಗೆ 8:30ಕ್ಕೆ ಹಿಂದಿನ 24 ಗಂಟೆಯ ಮಳೆ ಲೆಕ್ಕ ಹಾಕ್ತಾರೆ. ನಾವೂ ಅದೇ ಟೈಮ್ ಇಟ್ಕೊಂಡ್ವಿ. ಆ ಪ್ರಶ್ನೆ ಕೇಳಿದ ಹುಡುಗಿ ಮನೆ ಶಾಲೆ ಪಕ್ಕದಲ್ಲೇ ಇದ್ದಿದ್ರಿಂದ ನೋಡೋ ಕೆಲಸ ಅವಳಿಗೆ ಬಂತು.

ಹದಿನೈದು ದಿನ ಆದ್ಮೇಲೆ ನನಗೆ ತಪ್ಪು ಕಾಣಿಸ್ತು. ಬಾಟ್ಲಿ ಇಟ್ಟಿದ್ದು ಬೇವಿನ ಮರದ ಹತ್ರ. ಕೊಂಬೆ ಒಂದಷ್ಟು ಮಳೆ ತಡೀತಿತ್ತು, ಮಳೆ ನಿಂತ ಮೇಲೂ ಎಲೆಯಿಂದ ಹನಿ ಬೀಳ್ತಿತ್ತು. ಮರ ಎಷ್ಟು ಎತ್ತರ ಇದೆಯೋ ಅದರ ಎರಡರಷ್ಟಾದ್ರೂ ದೂರ ಇಡಬೇಕಿತ್ತು. ಅಷ್ಟೂ ದಿನದ ಲೆಕ್ಕ ಕೆಟ್ಟಿತ್ತು. ಒಬ್ಬ ಹುಡುಗ ಅಂದ: “ಸಾರ್, ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ ಬರ್ಕೊಳ್ಳೋಣ ಬಿಡಿ.” ನಿಜ ಹೇಳ್ತೀನಿ, ನನಗೂ ಒಂದು ಕ್ಷಣ ಹಾಗೇ ಅನ್ನಿಸ್ತು. ರಿಜಿಸ್ಟರ್ ತುಂಬೋದು ನಮಗೆಲ್ಲ ಅಭ್ಯಾಸ ಆಗಿಬಿಟ್ಟಿದೆ. ಆದ್ರೆ ಆ ಸಾಲುಗಳಿಗೆ ಗೀಟು ಹಾಕಿ, ಪಕ್ಕದಲ್ಲಿ ‘ಮರದ ಕೆಳಗೆ ಇತ್ತು’ ಅಂತ ಬರೆಸಿದೆ.

ಇನ್ನೊಂದು ವಿಷಯಾನೂ ಅವತ್ತೇ ಹೊರಗೆ ಬಂತು. ಊರಿಗೆ ಹೋಗಿದ್ದ ದಿನ ಆ ಹುಡುಗಿ ಸೊನ್ನೆ ಬರೆದಿದ್ಲು. “ಮಳೆ ಬರಲಿಲ್ವಾ?” ಅಂದೆ. “ಗೊತ್ತಿಲ್ಲ ಸಾರ್, ನೋಡಿಲ್ಲ” ಅಂದ್ಲು. “ಹಾಗಾದ್ರೆ ನೋಡಿಲ್ಲ ಅಂತಲೇ ಬರಿ” ಅಂದೆ. ಸೊನ್ನೆ ಅಂದ್ರೆ ನೋಡಿದ್ದೀವಿ, ಮಳೆ ಬಂದಿಲ್ಲ ಅಂತ. ನೋಡದೇ ಇರೋದು ಬೇರೆ. ಈ ವ್ಯತ್ಯಾಸ ಯಾವ ನೋಟ್ಸಲ್ಲೂ ನಾನು ಬರೆಸಿರಲಿಲ್ಲ.

ಜುಲೈನಲ್ಲಿ ಪುನರ್ವಸು ಮಳೆ ಶುರುವಾಯ್ತು. ಒಂದು ಸಂಜೆ ಗುಡುಗು ಮಿಂಚು ಜೋರಾಗಿತ್ತು. ಬೆಳಿಗ್ಗೆ ಆ ಹುಡುಗಿಯ ಅಪ್ಪ ಶಾಲೆಗೆ ಬಂದ್ರು. “ಮೇಷ್ಟ್ರೇ, ಹೋಬಳಿನಾಗೆ ಇಪ್ಪತ್ತೆರಡು ಮಿಲಿಮೀಟರ್ ಅಂತ ಫೋನಿಗೆ ಬಂದೈತೆ. ನಿಮ್ ಬಾಟ್ಲಿ ಎಷ್ಟು ಹೇಳ್ತೈತೆ? ಬಿತ್ತಬೋದಾ?”

ನಮ್ಮ ಬಾಟ್ಲಿಯಲ್ಲಿ ಇದ್ದಿದ್ದು 9. ನನಗೆ ಕೈ ಬೆವರಿತು. ಅಲ್ಲಿವರೆಗೂ ಅದು ಪಾಠ. ಈಗ ಒಬ್ಬರ ಬಿತ್ತನೆ ಬೀಜದ ದುಡ್ಡು. ಹೋಬಳಿ ಲೆಕ್ಕ ತಪ್ಪು ಅಂತಲ್ಲ. ಗುಡುಗು ಮಳೆ ಒಂದು ಊರಿಗೆ ಸುರಿದು ಪಕ್ಕದೂರನ್ನ ಬಿಟ್ಟು ಹೋಗುತ್ತೆ. ಅವರು ಮಗಳ ಪುಸ್ತಕ ತಿರುವಿ ಹಾಕಿದ್ರು. ಗೀಟು ಹಾಕಿದ ಸಾಲು ನೋಡಿದ್ರು. “ನೋಡಿಲ್ಲ ಅಂತಾನೂ ಬರ್ದೈತಲ್ಲ ಇದು!” ಅಂತ ನಕ್ಕರು. ನಾನಂದೆ, “ಯಜಮಾನ್ರೇ, ಬಾಟ್ಲಿ ನಂಬಿ ಬಿತ್ತಬೇಡಿ, ಬಿಡಬೇಡಿ. ಹೊಲದಾಗೆ ಅಗೆದು ನೋಡೋಣ.”

ಕ್ಲಾಸಿಗೆ ಕ್ಲಾಸೇ ಹೊಲಕ್ಕೆ ಹೋಯ್ತು. ಗುದ್ದಲಿಯಲ್ಲಿ ಮೂರು ಕಡೆ ಅಗೆದ್ವಿ. ಎಲ್ಲಾ ಕಡೆ ಮೂರು ನಾಲ್ಕು ಬೆರಳು ತೇವ, ಕೆಳಗೆ ಒಣ ಮಣ್ಣು. “ಹದ ಆಗಿಲ್ಲ” ಅಂದ್ರು ಅವರು. ಮಕ್ಕಳು ಅದನ್ನೂ ಬರ್ಕೊಂಡ್ರು: 9 ಮಿಲಿಮೀಟರ್, ಕೆಂಪು ಮಣ್ಣು, ಮೂರು ನಾಲ್ಕು ಬೆರಳು, ಹದ ಇಲ್ಲ. ಐದು ದಿನ ಬಿಟ್ಟು ಇನ್ನೊಂದು ಮಳೆ ಆಯ್ತು, 24. ಮತ್ತೆ ಅಗೆದ್ರು, ಒಂದು ಗೇಣು ತೇವ. ಅವತ್ತು ಬಿತ್ತಿದ್ರು.

ಆ ವರ್ಷ ಬೆಳೆ ಭರ್ಜರಿ ಬಂತು ಅಂತ ಹೇಳಿದ್ರೆ ಕಥೆ ಚೆನ್ನಾಗಿರುತ್ತೆ. ಬರಲಿಲ್ಲ. ಕಾಯಿ ಕಟ್ಟೋ ಹೊತ್ತಿಗೆ ಮಳೆ ಕೈಕೊಡ್ತು. ನಮ್ಮ ಬಾಟ್ಲಿ ಮಳೆ ತರಿಸಲ್ಲ ನೋಡಿ. ಆದ್ರೆ ಆ ಬೀಜ ಮೊದಲ ಮಳೆಗೇ ಒಣ ಮಣ್ಣಿಗೆ ಬೀಳಲಿಲ್ಲ. ಅಪ್ಪ ‘ಹದ’ ಅನ್ನೋದಕ್ಕೂ ಫೋನು ‘ಮಿಲಿಮೀಟರ್’ ಅನ್ನೋದಕ್ಕೂ ಏನು ಸಂಬಂಧ ಅಂತ ಮಗಳಿಗೆ ಈಗ ಗೊತ್ತು.

ನೀವೂ ಟೆರೇಸ್ ಮೇಲೆ ಒಂದು ಡಬ್ಬಿ ಇಟ್ಟು ನೋಡಿ. ನೇರ ಗೋಡೆಯ ಸ್ಟೀಲ್ ಡಬ್ಬಿ ಸಾಕು. ಬಕೆಟ್ ಬೇಡ, ಅದರ ಬಾಯಿ ಅಗಲ, ಬುಡ ಚಿಕ್ಕದು, ಲೆಕ್ಕ ಜಾಸ್ತಿ ತೋರಿಸುತ್ತೆ. ಬೆಳಿಗ್ಗೆ ಎದ್ದು ಅಳೆದು, ಆ್ಯಪ್ ಹೇಳಿದ್ದರ ಪಕ್ಕ ಬರೆದಿಡಿ. ಏಳೋಕೆ ಆಗದ ದಿನ ಮಾತ್ರ ಸೊನ್ನೆ ಬರೀಬೇಡಿ.