ತಂತಿ ಜೋತುಬಿದ್ದಿರುವುದು ಏಕೆ?



ಉರ್ದು, ಕನ್ನಡ ಕಲಿಸುವ ಮೇಷ್ಟ್ರು ಇವತ್ತು ಗಣಿತದ ವಿಷಯ ಹಿಡಿದಿದ್ದಾರಲ್ಲ ಎಂದು ನಿಮಗೆ ಅನಿಸಬಹುದು. ಆದರೆ ವಿಷಯ ನಮ್ಮ ತಲೆಯ ಮೇಲೆಯೇ ಇದೆ. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು ಕಡೆ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂದ ಮೇಲೆ ಎತ್ತ ನೋಡಿದರೂ ಟವರುಗಳು, ತಂತಿಗಳು. ಆ ತಂತಿಗಳು ನೆಟ್ಟಗಿಲ್ಲ, ನಡುವೆ ಜೋತುಬಿದ್ದಿವೆ. ಸರಿಯಾಗಿ ಎಳೆದು ಕಟ್ಟಿಲ್ಲ ಎಂದು ಬೈಯುವವರನ್ನು ನೀವೂ ಕೇಳಿರಬಹುದು. ಹಾಗಲ್ಲ, ಆ ಜೋಲು ಲೆಕ್ಕ ಹಾಕಿಯೇ ಬಿಟ್ಟದ್ದು.

ಒಂದು ಸರಪಳಿಯ ಎರಡೂ ತುದಿಗಳನ್ನು ಕೈಯಲ್ಲಿ ಹಿಡಿಯಿರಿ. ತನ್ನ ತೂಕದಿಂದಲೇ ಅದು ಒಂದು ಬಾಗಿದ ಆಕಾರ ತಾಳುತ್ತದೆ. ಅದರ ಹೆಸರು ಕೆಟೆನರಿ. ಲ್ಯಾಟಿನ್ ಭಾಷೆಯಲ್ಲಿ ಕೆಟೇನಾ ಎಂದರೆ ಸರಪಳಿ, ನಮ್ಮ ಜಂಜೀರ್. ಗೆಲಿಲಿಯೋ 1638ರಲ್ಲಿ ಇದನ್ನು ಪ್ಯಾರಾಬೋಲಕ್ಕೆ ಹೋಲಿಸಿದ್ದ. ಸರಿಯಾದ ಸಮೀಕರಣ ಪ್ರಕಟವಾದದ್ದು 1691ರಲ್ಲಿ. ಲೈಬ್ನಿಟ್ಸ್, ಹೈಗನ್ಸ್, ಯೋಹಾನ್ ಬರ್ನೌಲಿ ಮೂವರೂ ಬೇರೆಬೇರೆಯಾಗಿ ಬಿಡಿಸಿದರು. ಇದೇ ಆಕಾರವನ್ನು ತಲೆಕೆಳಗು ಮಾಡಿದರೆ ಗಟ್ಟಿ ಕಮಾನಾಗುತ್ತದೆ ಎಂದು ರಾಬರ್ಟ್ ಹುಕ್ 1675ರಲ್ಲಿ ಅಕ್ಷರಗಳನ್ನು ಕಲಸಿ ಒಗಟಿನಂತೆ ಅಚ್ಚು ಹಾಕಿಸಿದ್ದ. ಉರ್ದು ಓದುವವರು ಹೆಸರು ಕೇಳಿರುವ ಇರಾಕಿನ ತಾಖೆ ಕಿಸ್ರಾ ಅವನಿಗಿಂತ ಸಾವಿರ ವರ್ಷ ಹಳೆಯದು. ಅದರ ಇಟ್ಟಿಗೆ ಕಮಾನಿನ ಆಕಾರವೂ ಇದಕ್ಕೆ ಬಹಳ ಹತ್ತಿರ.

ಈಗ ನಮ್ಮ ತಂತಿಗೆ ಬರೋಣ. ಟವರುಗಳ ನಡುವೆ 300 ಮೀಟರ್, ತಂತಿಯ ತೂಕ ಮೀಟರಿಗೆ 2 ಕಿಲೋ, ನಡುವೆ 8 ಮೀಟರ್ ಜೋಲು ಎಂದಿಟ್ಟುಕೊಳ್ಳಿ. ಆಗ ತಂತಿಯ ಎಳೆತ ಸುಮಾರು 2,800 ಕಿಲೋ. ಜೋಲು 4 ಮೀಟರ್ ಆಗುವಂತೆ ಬಿಗಿದರೆ 5,600. 1 ಮೀಟರಿಗೆ ತಂದರೆ 22,500 ಕಿಲೋ! ತಂತಿ ಹರಿಯುತ್ತದೆ, ಇಲ್ಲವೇ ಟವರು ಬಾಗುತ್ತದೆ. ಪೂರ್ತಿ ನೆಟ್ಟಗೆ ಮಾಡಲು ಯಾವ ಬಲವೂ ಸಾಲದು.

ನನಗೆ ಹೆಚ್ಚು ಆಶ್ಚರ್ಯ ತಂದದ್ದು ಇನ್ನೊಂದು ಲೆಕ್ಕ. 8 ಮೀಟರ್ ಜೋತುಬಿದ್ದ ತಂತಿ ನೇರ ಅಂತರಕ್ಕಿಂತ ಬರೀ 57 ಸೆಂ.ಮೀ. ಉದ್ದ. ಅದು 30 ಡಿಗ್ರಿ ಹೆಚ್ಚು ಬಿಸಿಯಾದರೆ ಹಿಗ್ಗುವುದು ಸುಮಾರು 17 ಸೆಂ.ಮೀ., ಗೇಣಿಗೂ ಕಡಿಮೆ. ಆದರೆ ನಡುಭಾಗ ಕೆಳಗಿಳಿಯುವುದು ಹೆಚ್ಚುಕಡಿಮೆ 1 ಮೀಟರ್.

ಪಾವಗಡದ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಸೋಲಾರ್ ಲೈನಿನಲ್ಲಿ ಅತಿ ಹೆಚ್ಚು ಕರೆಂಟ್ ಹರಿಯುವುದೂ ಮಧ್ಯಾಹ್ನವೇ. ಹೊರಗಿನ ಬಿಸಿಲಿನ ಜೊತೆಗೆ ಒಳಗೆ ಕರೆಂಟಿನ ಬಿಸಿ. ಎಂಜಿನಿಯರುಗಳು ಇದನ್ನೆಲ್ಲ ಸೇರಿಸಿಯೇ ಟವರಿನ ಎತ್ತರ ಇಡುತ್ತಾರೆ. ಆದರೆ ಅವರ ಲೆಕ್ಕ ಕೆಳಗೆ ಓಡಾಡುವ ಜನಕ್ಕೆ, ಗಾಡಿಗೆ. ನೆಟ್ಟಗೆ ಎತ್ತಿ ನಿಲ್ಲಿಸಿದ ಬೋರ್‌ವೆಲ್ ಪೈಪಿಗಲ್ಲ.

ಮೋಟಾರು ಕೆಟ್ಟಾಗ ನಿಮ್ಮ ಅಬ್ಬಾ, ಚಾಚಾ ಹೊಲದಲ್ಲಿ 20 ಅಡಿಯ ಪೈಪುಗಳನ್ನು ಎತ್ತಿಸುತ್ತಾರೆ. ಬೆಳಿಗ್ಗೆ ಕಣ್ಣಳತೆಯಲ್ಲಿ ನೋಡಿದ ತಂತಿ ಮಧ್ಯಾಹ್ನ ಅಲ್ಲೇ ಇರುವುದಿಲ್ಲ. ಹೈಟೆನ್ಷನ್ ಲೈನಿಗೆ ಪೈಪು ಮುಟ್ಟಲೇಬೇಕೆಂದಿಲ್ಲ, ತೀರಾ ಹತ್ತಿರ ಬಂದರೂ ಕರೆಂಟ್ ಹಾರುತ್ತದೆ. ಹೊಸ ಬೋರ್ ಪಾಯಿಂಟ್ ಲೈನಿನ ಕೆಳಗೆ ಬೇಡ ಎಂದು ಮನೆಯಲ್ಲಿ ಹೇಳಿ. ಹಳೆಯ ಬೋರ್ ಊರಿನ ಕಂಬದ ಲೈನಿನ ಕೆಳಗಿದ್ದರೆ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ, ಲೈನ್ ಆಫ್ ಮಾಡಿಸಿದ ಮೇಲೆಯೇ ಪೈಪು ಎತ್ತಿಸಿ. ಟವರ್ ಲೈನನ್ನು ಹಾಗೆ ಆಫ್ ಮಾಡುವುದಿಲ್ಲ. ಅದರ ಕೆಳಗೆ ಪೈಪು ನಿಲ್ಲಿಸುವ ಮಾತೇ ಬೇಡ.