ಹೊಸದಾಗಿ ಕಾಲೇಜು ಸೇರಿದ ನಮ್ಮ ಮಕ್ಕಳಿಗೆ ನಾಲ್ಕು ಮಾತು

(ಮುಂಬಯಿಯಲ್ಲಿ ನಮ್ಮ ಸಂಘದ ವಿದ್ಯಾರ್ಥಿ ಕೂಟದಲ್ಲಿ ಮಾಡಿದ ಭಾಷಣ)



ಕಾಲೇಜಿನ ವಿಷಯ ಮಾತಾಡಲು ಏಳನೆಯ ತರಗತಿಯಿಂದಾಚೆ ಕಾಣದ ನಮ್ಮಂಥವರನ್ನು ನಿಲ್ಲಿಸಿದ್ದೇಕೆಂದು ನಿಮ್ಮಲ್ಲಿ ಕೆಲವರು ಯೋಚಿಸುತ್ತಿರಬಹುದು. ಪಾಠದ ವಿಷಯವಾದರೆ ನಾವು ಹೇಳತಕ್ಕದ್ದು ಏನೂ ಇಲ್ಲ. ಆದರೆ ಮನೆ ಬಿಟ್ಟು, ಗುರುತಿಲ್ಲದ ಶಹರದಲ್ಲಿ ಸ್ವಂತ ದುಡ್ಡು ಸ್ವಂತ ಹೊತ್ತು ಇಟ್ಟುಕೊಂಡು, ರಾತ್ರಿ "ಉಂಡೆಯಾ?" ಎಂದು ಕೇಳುವವರಿಲ್ಲದ ಕಡೆ ಬಾಳುವುದು ಹೇಗೆ ಎಂಬ ವಿದ್ಯೆಯೊಂದಿದೆ. ಆ ವಿದ್ಯೆಯಲ್ಲಿ ಇಲ್ಲಿ ಕುಳಿತಿರುವ ಹೋಟೆಲು ಕಾರ್ಮಿಕರೆಲ್ಲರೂ ಪದವೀಧರರೇ ಸರಿ. ಅದರ ನಾಲ್ಕು ಮಾತನ್ನು ನಿಮ್ಮ ಮುಂದಿಡಲು ನಿಂತಿದ್ದೇವೆ.

ಊರಿನ ಹುಡುಗರು ಮುಂಬಯಿಗೆ ಬಂದು ಓದುವುದು ಇಂದು ನಿನ್ನೆಯ ಮಾತಲ್ಲ. ಉಡುಪಿ, ಕುಂದಾಪುರ, ಮಂಗಳೂರು ಕಡೆಯಿಂದ ಬಂದ ಮಾಣಿಗಳು ಹಗಲೆಲ್ಲ ಲೋಟ ತೊಳೆದು, ಟೇಬಲು ಒರೆಸಿ, ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಅಕ್ಷರ ಕಲಿತರು. 1908ರಷ್ಟು ಹಿಂದೆಯೇ ಮೊಗವೀರ ಬಂಧುಗಳು ಈ ಶಹರದಲ್ಲಿ ರಾತ್ರಿಶಾಲೆ ತೆರೆದಿದ್ದರು. 1946ರಲ್ಲಿ ಡಾ. ಅಂಬೇಡ್ಕರರು ಸಿದ್ಧಾರ್ಥ ಕಾಲೇಜನ್ನು ಸ್ಥಾಪಿಸಿದಾಗ, ದುಡಿಯುತ್ತ ಓದುವವರಿಗೆ ಅನುಕೂಲವಾಗಲೆಂದು ಬೆಳಗಿನ ಹೊತ್ತು ತರಗತಿ ನಡೆಯುವ ಏರ್ಪಾಡಾಯಿತು. ಪರೇಲಿನ ಚಾಳಿನ ಒಂದೇ ಖೋಲಿಯಲ್ಲಿ ಓದಿ, 1912ರಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಬಿ. ಎ. ಆದ ಅವರಿಗೆ ಬಡ ವಿದ್ಯಾರ್ಥಿಯ ಕಷ್ಟವನ್ನು ಬೇರೆ ಯಾರೂ ವಿವರಿಸಬೇಕಾಗಿರಲಿಲ್ಲ.

14 ವರ್ಷದೊಳಗಿನ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸಕೂಡದೆಂಬ ನಿಷೇಧ ಬಂದುದು 2006ರ ಅಕ್ಟೋಬರಿನಲ್ಲಿ. ನಮ್ಮಲ್ಲಿ ಅನೇಕರು ಅದಕ್ಕೆ ಮುಂಚೆಯೇ ಬಂದು ಮೋರಿಯ ಮುಂದೆ ನಿಂತವರು. ಆ ವಯಸ್ಸಿನಲ್ಲಿ ನೀವು ಶಾಲೆಯಲ್ಲಿದ್ದಿರಿ. ಈಗ ಕಾಲೇಜಿಗೆ ಬಂದಿದ್ದೀರಿ. ಇದಕ್ಕಿಂತ ದೊಡ್ಡ ಸಂತೋಷ ನಮಗೆ ಬೇರೊಂದಿಲ್ಲ. ಅದಕ್ಕಾಗಿಯೇ, ನಿಮ್ಮಲ್ಲಿ ಒಬ್ಬರು ಅರ್ಧದಲ್ಲಿ ಬಿಟ್ಟುಹೋದರೂ ನಮ್ಮ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಬಿಟ್ಟುಹೋಗುವವರು ಹೇಗೆ ಬಿಡುತ್ತಾರೆಂಬುದನ್ನು ಸಂಘದ ಕೆಲಸದಲ್ಲಿ ನಾವು ಹತ್ತಿರದಿಂದ ಕಂಡಿದ್ದೇವೆ. ನಾವು ಕಂಡವರಲ್ಲಿ ಹೆಚ್ಚಿನವರು ಪರೀಕ್ಷೆಯಲ್ಲಿ ಸೋತು ಬಿಟ್ಟವರಲ್ಲ. ಮೊದಲ ಪರೀಕ್ಷೆ ಬರುವುದಕ್ಕೆ ಮೊದಲೇ ಬಿಟ್ಟವರು. ಮೊದಲು ಸ್ನೇಹಿತನ ಹತ್ತಿರ ಇನ್ನೂರು ರೂಪಾಯಿ ಸಾಲ. ಅದನ್ನು ತೀರಿಸಲಾರದೆ ಆ ಸ್ನೇಹಿತನ ಕಣ್ಣು ತಪ್ಪಿಸಲು ಒಂದು ದಿನ ಕಾಲೇಜಿಗೆ ಚಕ್ಕರ್. ಆ ದಿನದ ಪಾಠ ತಿಳಿಯಲಿಲ್ಲವೆಂದು ಮತ್ತೆರಡು ದಿನ. ಊರಿನಿಂದ ಫೋನು ಬಂದರೆ "ಎಲ್ಲ ಚೆನ್ನಾಗಿದೆ ಅಮ್ಮ." ಆಮೇಲೆ ಫೋನನ್ನೇ ಎತ್ತುವುದಿಲ್ಲ. ಮೂರು ತಿಂಗಳಾದ ಮೇಲೆ ಯಾವುದೋ ಬಾರಿನ ಕೌಂಟರಿನಲ್ಲಿ ನಿಂತಿದ್ದಾನೆಂಬ ಸುದ್ದಿ ನಮಗೆ ತಿಳಿಯುತ್ತದೆ. ಬಂಧುಗಳೇ, ಇಲ್ಲಿ ಹುಡುಗನನ್ನು ಕೆಡವಿದ್ದು ಇನ್ನೂರು ರೂಪಾಯಿಯಲ್ಲ. ಅದನ್ನು ಮುಚ್ಚಿಟ್ಟದ್ದು. ಇಂದು ನಾವು ಹೇಳತಕ್ಕ ಮುಖ್ಯ ಮಾತು ಇದೊಂದೇ: ಕಷ್ಟ ಚಿಕ್ಕದಾಗಿರುವಾಗಲೇ ಬಾಯಿ ಬಿಟ್ಟು ಹೇಳಿರಿ. ಉಳಿದ ಮಾತೆಲ್ಲವೂ ಇದರ ವಿವರಣೆ.

ಹೊಸ ಶಹರದಲ್ಲಿ ಮನಸ್ಸು ಚಂಚಲವಾಗುವುದು ಯಾರಿಗೂ ತಪ್ಪಿದ್ದಲ್ಲ. ಮಹಾತ್ಮಾ ಗಾಂಧಿಯವರ ಆತ್ಮಕಥೆಯನ್ನು ಓದಿದವರಿಗೆ ಇದು ಗೊತ್ತು. 1888ರಲ್ಲಿ, 19ರ ಆಸುಪಾಸಿನಲ್ಲಿ, ಅವರು ಬ್ಯಾರಿಸ್ಟರ್ ಓದಿಗೆಂದು ಲಂಡನ್ನಿಗೆ ಹೋದಾಗ ರಾತ್ರಿಯೆಲ್ಲ ತಾಯಿಯನ್ನು ನೆನೆದು ಅಳುತ್ತಿದ್ದರು. ಆಮೇಲೆ ದೊರೆಗಳ ಸಮಕ್ಕೆ ಕಾಣಬೇಕೆಂಬ ಹುಚ್ಚು ಹತ್ತಿತು. ಬೆಲೆಬಾಳುವ ಉಡುಪು, ಎತ್ತರದ ಟೋಪಿ, ಮೂರು ಪೌಂಡು ಕೊಟ್ಟು ಕುಣಿತದ ಕ್ಲಾಸು, ಮತ್ತೆ ಮೂರು ಪೌಂಡಿಗೆ ಪಿಟೀಲು! ಸುಮಾರು ಮೂರು ತಿಂಗಳಲ್ಲಿ ಆ ಹುಚ್ಚು ಇಳಿಯಿತು. ಅವರನ್ನು ಕಾಪಾಡಿದ್ದು ಒಂದು ಅಭ್ಯಾಸ. ಬಸ್ಸಿನ ಚಾರ್ಜು, ಅಂಚೆಯ ಚೀಟಿ ಯಾವುದನ್ನೂ ಬಿಡದೆ ಪ್ರತಿ ಕಾಸಿನ ಲೆಕ್ಕ ಬರೆದು, ಮಲಗುವ ಮುಂಚೆ ತಾಳೆ ನೋಡುತ್ತಿದ್ದರು. ಲೆಕ್ಕ ಕಣ್ಣ ಮುಂದಿದ್ದುದರಿಂದಲೇ ಮನೆ ಬದಲಾಯಿಸಿ ಒಂದು ಕೋಣೆಗೆ ಬಂದರು, ನಡೆದು ಹೋಗತೊಡಗಿದರು, ಸ್ಟವ್ ಇಟ್ಟು ಗಂಜಿ ಬೇಯಿಸಿಕೊಂಡರು, ದಿನದ ಊಟವನ್ನು ಒಂದು ಶಿಲಿಂಗ್ ಮೂರು ಪೆನ್ಸಿಗೆ ಇಳಿಸಿದರು.

ಹೋಟೆಲಿನವರಿಗೆ ಇದು ಹೊಸತಲ್ಲ. ಎಂಥ ಸಣ್ಣ ಹೋಟೆಲೇ ಆಗಲಿ, ರಾತ್ರಿ ಶಟರ್ ಎಳೆಯುವ ಮುಂಚೆ ಗಲ್ಲದ ದುಡ್ಡು ಎಣಿಸದೆ ಧಣಿ ಮನೆಗೆ ಹೋಗುವುದಿಲ್ಲ. ಈಗ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಗಲ್ಲಕ್ಕೆ ತಾನೇ ಧಣಿ. ಫೋನಿನಲ್ಲಿ ಚೌಕ ತೋರಿಸಿ ದುಡ್ಡು ಕೊಡುವ ಕಾಲವಿದು; ನೋಟು ಕೈಬಿಡುವಾಗ ಆಗುವ ನೋವು ಇಲ್ಲಿ ಆಗುವುದಿಲ್ಲ. ಆದಕಾರಣ ದಿನವೂ ಪುಸ್ತಕದಲ್ಲಿ ಬರೆಯಿರಿ. ದುಡ್ಡು ಬಂದ ದಿನವೇ ಬಾಡಿಗೆ, ಊಟ, ರೈಲು ಪಾಸು ಈ ಮೂರನ್ನು ತೆಗೆದಿಟ್ಟು, ಉಳಿದದ್ದನ್ನು ನಾಲ್ಕು ವಾರಕ್ಕೆ ಹಂಚಿರಿ. ವಿದ್ಯಾರ್ಥಿಗಳಿಗೆ ಎರಡನೆಯ ದರ್ಜೆಯ ತಿಂಗಳ ಪಾಸು ಅರ್ಧ ದರಕ್ಕೆ ಸಿಗುತ್ತದೆ. ಅದರ ಫಾರ್ಮು ಕಾಲೇಜಿನ ಆಫೀಸಿನಲ್ಲಿ ಕೊಡುತ್ತಾರೆ. ನಾಚಿಕೆಪಟ್ಟು ಕೇಳದೆ ಪೂರ್ತಿ ದರ ತೆತ್ತವರಿದ್ದಾರೆ! ಸ್ಕಾಲರ್‌ಶಿಪ್ಪಿಗೆ ಮಹಾರಾಷ್ಟ್ರ ಸರಕಾರದ ಮಹಾಡಿಬಿಟಿಯನ್ನೂ ಕೇಂದ್ರದ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲನ್ನೂ ನೋಡಿ, ಕೊನೆಯ ತಾರೀಕಿಗೆ ಮುಂಚೆಯೇ ಆದಾಯದ ದಾಖಲೆ, ಜಾತಿಯ ದಾಖಲೆ ತರಿಸಿಟ್ಟುಕೊಳ್ಳಿರಿ. ಊರಿನ ತಾಲೂಕು ಕಚೇರಿಯಿಂದ ಕಾಗದ ಬರುವುದಕ್ಕೆ ಹೊತ್ತು ಬೇಕೆಂಬುದು ನಿಮಗೆ ತಿಳಿಯದ್ದಲ್ಲ.

ಮತ್ತೊಂದು ಎಚ್ಚರಿಕೆ. ಐದು ನಿಮಿಷದಲ್ಲಿ ಸಾಲ ಕೊಡುವ ಮೊಬೈಲು ಆ್ಯಪುಗಳಿವೆ. ಹಿಂದೆ ನಮ್ಮವರನ್ನು ಪಗಾರದ ದಿನ ಗೇಟಿನಲ್ಲಿ ಹಿಡಿಯುತ್ತಿದ್ದ ಬಡ್ಡಿಯವನೇ ಈಗ ಜೇಬಿನೊಳಗೆ ಕುಳಿತಿದ್ದಾನೆಂದು ತಿಳಿಯಿರಿ. ಸಾಲದ ಆ್ಯಪು ಫೋನಿನಲ್ಲಿರುವ ಹೆಸರು ನಂಬರುಗಳನ್ನಾಗಲಿ ಫೋಟೋಗಳನ್ನಾಗಲಿ ಮುಟ್ಟಕೂಡದೆಂದು ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿಯೇ ನಿಯಮ ಮಾಡಿದೆ. ನಿಮ್ಮ ನಂಬರುಗಳ ಪಟ್ಟಿಯನ್ನು ಕೇಳುವ ಆ್ಯಪು ಕಳ್ಳನದೇ. ಫೋನಿನಲ್ಲಿ ಯಾರಾದರೂ ಮೋಸ ಮಾಡಿ ದುಡ್ಡು ಹೊಡೆದರೆ ಆ ಕ್ಷಣವೇ 1930ಕ್ಕೆ ತಿಳಿಸಿರಿ. ತಡವಾದಷ್ಟು ದುಡ್ಡು ದೂರ ಹೋಗುತ್ತದೆ.

ಇನ್ನು ಹೊತ್ತಿನ ಮಾತು. ಶಾಲೆಯಲ್ಲಿ ತಪ್ಪಿಸಿಕೊಂಡರೆ ಮಾಸ್ತರರು ಮನೆಗೆ ಹೇಳಿಕಳಿಸುತ್ತಿದ್ದರು. ಕಾಲೇಜಿನಲ್ಲಿ ಯಾರೂ ಕೇಳುವುದಿಲ್ಲ. ಆದರೆ ಮುಂಬಯಿ ವಿಶ್ವವಿದ್ಯಾನಿಲಯದ ನಿಯಮದಂತೆ ನೂರಕ್ಕೆ 75 ಹಾಜರಿ ಬೇಕೆಂಬುದು ಪರೀಕ್ಷೆಯ ಹೊತ್ತಿಗೆ ನೆನಪಿಗೆ ಬರುತ್ತದೆ. ಬೆಳಗಿನ ಏಳರ ತರಗತಿಗೆ ಹೋಗಬೇಕಾದವನು ರಾತ್ರಿ ಎರಡರವರೆಗೆ ಫೋನು ನೋಡಿದರೆ ಹೇಗೆ ನಡೆದೀತು? ನಸುಕಿನಲ್ಲೆದ್ದು ಇಡ್ಲಿಯ ಹಬೆ ಏರಿಸುವ ಭಟ್ಟರು ಯಾವ ಹೊತ್ತಿಗೆ ಮಲಗುತ್ತಾರೆಂದು ಕೇಳಿ ನೋಡಿರಿ. ಮೊದಲ ತಿಂಗಳುಗಳಲ್ಲಿ ಊರಿನ ಹಂಬಲ ಬಹಳ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಊರು ಒಂದು ರಾತ್ರಿಯ ದಾರಿ. ಹದಿನೈದು ದಿನಕ್ಕೊಮ್ಮೆ ಓಡಿಬಿಡೋಣವೆನಿಸುತ್ತದೆ. ಚೌತಿಗೆ ಹೋಗಿರಿ, ದೀಪಾವಳಿಗೆ ಹೋಗಿರಿ. ನಡುವೆ ಮನಸ್ಸನ್ನು ಇಲ್ಲಿ ಬೇರೂರಲು ಬಿಡಿರಿ. ಅಡಿಗಡಿಗೆ ಕಿತ್ತು ನೋಡಿದ ಸಸಿ ಹಿಡಿಯುವುದಿಲ್ಲ.

ಕನ್ನಡ ಶಾಲೆಯಿಂದ ಬಂದವರಿಗೆ ಇಂಗ್ಲಿಷಿನ ಪಾಠ ಕೇಳಿ ಮೊದಮೊದಲು ಎದೆ ಧಸಕ್ಕೆನ್ನುತ್ತದೆ. ನಮಗೆ ಮರಾಠಿ ಹಿಂದಿಗಳನ್ನು ಯಾವ ಮಾಸ್ತರರು ಕಲಿಸಿದರು? ಗಿರಾಕಿಗಳು ಕಲಿಸಿದರು. ನಮ್ಮ ಮಾತು ಕೇಳಿ ಅವರು ನಕ್ಕರು, ನಾವೂ ನಕ್ಕೆವು. ಆರು ತಿಂಗಳಲ್ಲಿ ಮಾತು ಬಂತು. ನೀವು ಮುಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿರಿ. ದಿನಕ್ಕೆ ಹತ್ತು ತಿಳಿಯದ ಶಬ್ದ ಬರೆದುಕೊಂಡು ಅರ್ಥ ನೋಡಿರಿ. ತರಗತಿ ಮುಗಿದ ಮೇಲೆ ಪ್ರೊಫೆಸರರ ಹತ್ತಿರ ಹೋಗಿ, ತಿಳಿಯಲಿಲ್ಲವೆಂದು ಹಿಂದಿಯಲ್ಲಾದರೂ ಕೇಳಿರಿ.

ಶರೀರದ ವಿಷಯ. ಮೂರು ಹೊತ್ತೂ ವಡಾಪಾವ್ ತಿಂದು ದುಡ್ಡು ಉಳಿಸುತ್ತೇನೆಂಬವನು ಅದನ್ನು ಡಾಕ್ಟರರಿಗೆ ಕೊಡುತ್ತಾನೆ. ನಾಲ್ಕು ಜನ ಸೇರಿ ಒಂದು ಕುಕ್ಕರು ಕೊಂಡರೆ ಕುಚ್ಚಲಕ್ಕಿ ಗಂಜಿ, ಹೆಸರುಕಾಳು, ಉಪ್ಪಿನಕಾಯಿಗೆ ಕೊರತೆಯಿಲ್ಲ. ಮಳೆಗಾಲದಲ್ಲಿ ರಸ್ತೆಯ ನಿಂತ ನೀರಿನಲ್ಲಿ ನಡೆದರೆ ಇಲಿಜ್ವರದ ಭಯವಿದೆ. ಕಾಲಿಗೆ ಗಾಯವಿದ್ದರಂತೂ ಹೆಚ್ಚು. ಅಂಥ ನೀರು ದಾಟಿದ ಮೇಲೆ ಜ್ವರ ಬಂದರೆ ಅಂಗಡಿಯ ಗುಳಿಗೆ ನುಂಗಿ ಕೂಡ್ರದೆ ಡಾಕ್ಟರರಿಗೆ ತೋರಿಸಿರಿ. ಪರೇಲಿನ ಕೆ. ಇ. ಎಂ., ಸಾಯನ್, ನಾಯರ್ ಇವು ನಗರಪಾಲಿಕೆಯ ದೊಡ್ಡ ಆಸ್ಪತ್ರೆಗಳು. ಸಾಲು ಉದ್ದ, ಖರ್ಚು ಕಡಮೆ.

ಹಿರಿಯ ವಿದ್ಯಾರ್ಥಿಗಳು ಪೀಡಿಸಿದರೆ ಸಹಿಸಬೇಕಾಗಿಲ್ಲ. ಮಹಾರಾಷ್ಟ್ರದಲ್ಲಿ 1999ರಿಂದ ರ‍್ಯಾಗಿಂಗ್ ವಿರುದ್ಧ ಕಾನೂನಿದೆ. 1800-180-5522 ಎಂಬ ನಂಬರಿಗೆ ಹಗಲು ರಾತ್ರಿ ಪುಕ್ಕಟೆಯಾಗಿ ದೂರು ಕೊಡಬಹುದು. ಮನಸ್ಸಿಗೆ ಕತ್ತಲು ಕವಿದು ಬಾಳೇ ಬೇಡವೆನಿಸಿದರೆ, ಸರಕಾರವು 2022ರಲ್ಲಿ ತೆರೆದ ಟೆಲಿ ಮಾನಸ್ ಇದೆ, ನಂಬರು 14416. ಕಾಲು ಮುರಿದರೆ ಪ್ಲಾಸ್ಟರ್ ಹಾಕಿಸಲು ನಾಚುತ್ತೇವೆಯೇ? ಮನಸ್ಸಿಗೂ ಅದೇ ನ್ಯಾಯ.

ಒಂದು ಮಾತನ್ನು ಹೇಳಲು ಸಂಕೋಚವಾಗುತ್ತದೆ. ಆದರೂ ಹೇಳದೆ ವಿಧಿಯಿಲ್ಲ. ಕಾಲೇಜಿನ ಹುಡುಗರು ಗುಂಪಾಗಿ ಹೋಟೆಲಿಗೆ ಬರುತ್ತಾರೆ. ಅವರಲ್ಲೊಬ್ಬನ ತಂದೆಯೋ ಮಾವನೋ ಅಲ್ಲಿಯೇ ಸಪ್ಲಾಯರ್. ಹುಡುಗ ತಲೆ ತಗ್ಗಿಸುತ್ತಾನೆ. ಅದನ್ನು ಕಂಡ ತಂದೆ ಆ ಟೇಬಲಿಗೆ ಬೇರೆಯವರನ್ನು ಕಳಿಸಿ ತಾನು ಒಳಗೆ ಹೋಗುತ್ತಾನೆ. ಇದನ್ನು ನಾವು ಒಂದಲ್ಲ, ಹಲವು ಹೋಟೆಲುಗಳಲ್ಲಿ ಕಂಡಿದ್ದೇವೆ. ಆ ತಂದೆ ರಾತ್ರಿ ಯಾರ ಹತ್ತಿರವೂ ಏನೂ ಹೇಳುವುದಿಲ್ಲ. ಮರುದಿನ ಮತ್ತೆ ತಟ್ಟೆ ಎತ್ತುತ್ತಾನೆ. ತಮ್ಮಂದಿರೇ, ನಿಮ್ಮ ಫೀಸಿನ ರಸೀತಿಯ ಹಿಂದೆ ಅವನ ಕಾಲಿನ ಊತವಿದೆ. ಸ್ನೇಹಿತರಿಗೆ "ಇವರು ನಮ್ಮ ಅಪ್ಪ" ಎಂದು ತೋರಿಸಿರಿ. ಅದನ್ನು ಕೇಳಿ ನಗುವ ಸ್ನೇಹಿತ ನಿಮಗೆ ಬೇಕಾದವನೇ ಅಲ್ಲ. ಕಷ್ಟವನ್ನು ಮುಚ್ಚಿಡುವ ಅಭ್ಯಾಸ ಬಹಳ ಸಲ ಇಲ್ಲಿಂದಲೇ ಶುರುವಾಗುತ್ತದೆ: ಮನೆಯ ಉದ್ಯೋಗವನ್ನು ಮುಚ್ಚಿಟ್ಟವನು ಮೆಲ್ಲಗೆ ಸಾಲವನ್ನೂ ಮುಚ್ಚಿಡುತ್ತಾನೆ.

ಕಾರ್ಮಿಕ ಬಂಧುಗಳಿಗೂ ನಮ್ಮದೊಂದು ವಿನಂತಿಯಿದೆ. ಮಕ್ಕಳು ಸತ್ಯ ಹೇಳಬೇಕಾದರೆ ಕೇಳುವ ಕಿವಿ ತಣ್ಣಗಿರಬೇಕು. ಸಾಲವಾಗಿದೆ ಎಂದ ಕೂಡಲೆ ಗದರಿಸಿದರೆ ಮುಂದಿನ ಸಲ ಅವನು ಹೇಳುವುದಿಲ್ಲ. ಖೋಲಿಯಲ್ಲಿ ಎಂಟು ಜನವಿದ್ದರೂ ಒಂದು ಮೂಲೆ, ಒಂದು ದೀಪ ಓದುವವನಿಗೆ ಬಿಡಿರಿ. ತಂಗಿಯರಿಗೂ ಅಷ್ಟೇ ಮೂಲೆ, ಅಷ್ಟೇ ದೀಪ. ಹುಡುಗಿ ಕಾಲೇಜಿನಿಂದ ಬಂದೊಡನೆ ಪಾತ್ರೆಯ ರಾಶಿ ತೋರಿಸಿದರೆ ಅವಳು ಓದುವುದು ಯಾವಾಗ? ಓದುತ್ತ ಹೋಟೆಲಿನಲ್ಲಿ ದುಡಿಯುವ ಹುಡುಗರಿಗೆ ವಾರದ ರಜೆ ಕಾನೂನಿನ ಹಕ್ಕು. ಪರೀಕ್ಷೆಯ ದಿನಗಳಲ್ಲಿ ರಜೆ ಸಿಗದಿದ್ದರೆ ಸಂಘಕ್ಕೆ ತಿಳಿಸಿರಿ. ಧಣಿಗಳೊಡನೆ ಮಾತಾಡುವುದು ನಮ್ಮ ಕೆಲಸ.

ಕೊನೆಯದಾಗಿ, ಸಂಘದ ಕಡೆಯಿಂದ ಒಂದು ಏರ್ಪಾಡು. ಪ್ರತಿ ತಿಂಗಳ ಮೊದಲ ಭಾನುವಾರ ಸಂಜೆ ಈ ಕೋಣೆಯಲ್ಲಿ ಎಲ್ಲ ಹೊಸ ವಿದ್ಯಾರ್ಥಿಗಳೂ ಕೂಡಬೇಕು. ಭಾಷಣವಿರುವುದಿಲ್ಲ, ಚಾ ಮತ್ತು ಅವಲಕ್ಕಿ ಇರುತ್ತದೆ. ಯಾರಿಗೆ ಏನು ಅಡಚಣೆಯೆಂದು ಅಲ್ಲಿಯೇ ಹೇಳಬೇಕು. ಹಿಂದಿನ ವರ್ಷಗಳ ವಿದ್ಯಾರ್ಥಿಗಳೂ ಬರುತ್ತಾರೆ; ಹಳೆಯ ಪುಸ್ತಕ ಕೊಡುತ್ತಾರೆ, ದಾರಿ ಹೇಳುತ್ತಾರೆ. ಎರಡು ತಿಂಗಳು ಯಾರಾದರೂ ಬರದಿದ್ದರೆ, ಬೇಸರಪಡಬೇಡಿರಿ, ನಾವೇ ಹುಡುಕಿಕೊಂಡು ನಿಮ್ಮ ಖೋಲಿಯ ಬಾಗಿಲಿಗೆ ಬರುತ್ತೇವೆ. ಈ ಶಹರದಲ್ಲಿ ಒಂದು ವಿಳಾಸ ಹುಡುಕುವುದು ಹೋಟೆಲಿನವರಿಗೆ ಕಷ್ಟವಲ್ಲ.

ನಿಮ್ಮೆಲ್ಲರ ಓದು ಸುಗಮವಾಗಿ ನಡೆಯಲಿ.